ಪಿಯೆದಾದ್ ಮತ್ತೆ ಹಾಕಿದ ಹೊಲಿಗೆ

ಮಡಗಾಂವಿನ ಹತ್ತಿರದ ಕುರ್ತೋರಿಯಲ್ಲಿ ನಮ್ಮ ಪಕ್ಕದ ಮನೆಯ ಪಿಯೆದಾದ್ ನನ್ನ ಧರ್ಮಮಗಳು. ನಾನು ಅವಳಿಗೆ ಮಾದ್ರಿನ್, ಜ್ಞಾನಸ್ನಾನದಲ್ಲಿ ಎತ್ತಿಕೊಂಡ ಧರ್ಮತಾಯಿ. ಅವಳ ಅಪ್ಪ ಅಮ್ಮನ ಮದುವೆ ದಾಖಲೆಗೆ ಸೇರುವ ಮೊದಲೇ ಅಪ್ಪ ಹಡಗಿನ ಕೆಲಸದಲ್ಲಿ ಸತ್ತ, ತಾಯಿ ಹೆರಿಗೆಯಲ್ಲಿ ಹೋದಳು. ಸಾಕಿದವನು ಅಪ್ಪನ ತಂದೆ, ಅಜ್ಜ. ಬಟ್ಟೆ ಹೊಲಿಯುತ್ತ ಅವನನ್ನು ಕೊನೆಯವರೆಗೆ ನೋಡಿಕೊಂಡವಳು ಇವಳು.

"ಪಡುವಣ ಎರಡು ಕೋಣೆ ನಿನಗೇ ಬರೆದಿದ್ದೀನಿ" ಎಂದು ಅಜ್ಜ ಹೇಳುತ್ತಿದ್ದ. ಅವನನ್ನು ಮಣ್ಣು ಮಾಡಿ ಬಂದ ಮೇಲೆ ಅಜ್ಜನ ಮಗಳು, ಇವಳ ಅತ್ತೆ ಎರ್ಮೆಲಿಂಡಾ, "ಉಯಿಲೂ ಇಲ್ಲ, ಗಿಯಿಲೂ ಇಲ್ಲ. ರಿಜಿಸ್ಟರಲ್ಲಿ ಅಪ್ಪನ ಹೆಸರಿಲ್ಲದವಳು ಮೊಮ್ಮಗಳು ಹೇಗಾಗ್ತಾಳೆ? ಮಳೆಗಾಲಕ್ಕೆ ಮುಂಚೆ ಕೋಣೆ ಬಿಡು" ಎಂದಳು.

ಮೇ ತಿಂಗಳ ಪ್ರಾರ್ಥನೆಗೆ ದೇವರ ಗೂಡು ಒರೆಸಲು ಅತ್ತೆ ಇವಳನ್ನೇ ಕರೆದಳು. ಸಂತರ ಮೂರ್ತಿಗಳನ್ನು ಎತ್ತಬೇಡ, ಸುತ್ತ ಒರೆಸು ಎಂದಳಂತೆ. ಇವಳು ಎತ್ತಿದಳು. ಸಂತ ಅಂತೋನಿಯ ಮೂರ್ತಿಯಡಿ ಉಯಿಲು ಇತ್ತು: ಅಂಚಿಗೆ ನೂಲಿನ ಹೊಲಿಗೆ, ಮೇಲೆ ಕೆಂಪು ಅರಗಿನ ಮುದ್ರೆ. ನನ್ನ ಅಡುಗೆಮನೆಗೆ ಓಡಿ ಬಂದಳು.

"ಮಾದ್ರಿನ್, ಕಳೆದದ್ದು ಹುಡುಕಿಕೊಡೋ ಸಂತನ ಕಾಲಡಿಗೇ ತುರುಕಿದ್ದಾಳಲ್ಲ ಅತ್ತೆ, ಎಂಥಾ ಧೈರ್ಯ!"

ನಗುತ್ತಲೇ ಅರಗು ಒಡೆಯದಂತೆ ನೂಲು ಕತ್ತರಿಸಿದಳು. "ನನ್ನ ಮೊಮ್ಮಗಳು ಪಿಯೆದಾದ್" ಎಂಬಲ್ಲಿ ನಿಂತು ಮತ್ತೆ ಓದಿದಳು. ಆಮೇಲೆ ಇಬ್ಬರಿಗೂ ನೆನಪಾಯಿತು: ಹೀಗೆ ಹೊಲಿದು ಅರಗು ಹಾಕಿದ ಉಯಿಲನ್ನು ಸರ್ಕಾರಿ ಅಧಿಕಾರಿಯೇ ಬಿಚ್ಚಬೇಕು.

"ಈಗೇನ್ ಮಾಡ್ಲಿ?"

"ಅದೇ ತೂತಲ್ಲಿ ಹೊಲಿದುಬಿಡು. ಯಾರಿಗೆ ಗೊತ್ತಾಗುತ್ತೆ?" ಹಾಗೆ ಹೇಳಿದವಳು ನಾನು.

ಹೊಸ ನೂಲನ್ನು ಚಹಾದಲ್ಲಿ ನೆನೆಸಿ ಹಳೆಯ ಬಣ್ಣ ತಂದಳು.

ಉಯಿಲು ಹಿಡಿದು ವಕೀಲರ ಜೊತೆ ಮಡಗಾಂವಿನ ನೋಂದಣಿ ಕಚೇರಿಗೆ ಹೋದೆವು; ಅಲ್ಲಿಗೆ ಅತ್ತೆಯನ್ನೂ ಕರೆಸಿದ್ದರು. ಗುಮಾಸ್ತ ಹೆಬ್ಬೆರಳನ್ನು ನಾಲಿಗೆಗೆ ಒತ್ತಿ ಹೊಲಿಗೆ ಸವರಿದ. ಬೆರಳಿಗೆ ಕಂದು ಬಣ್ಣ ಹತ್ತಿತು. ಮೂಸಿ ನೋಡಿ, "ಚಹಾ" ಎಂದ.

"ನೋಡಿದ್ರಾ!" ಅತ್ತೆ ಕೂಗಿದಳು. "ದರ್ಜಿಗಿತ್ತಿ ಉಯಿಲನ್ನೂ ಹೊಲಿದುಕೊಂಡು ಬಂದಿದ್ದಾಳೆ!"

ನಡೆದದ್ದನ್ನೆಲ್ಲ ಹೇಳಿದೆವು. ಅಜ್ಜನ ಸಹಿ ಕೊನೆಯ ಹಾಳೆಯಲ್ಲಷ್ಟೇ ಇತ್ತು. ಉಳಿದ ಹಾಳೆ ಬದಲಿಸಿಲ್ಲವೆಂದು ಹೇಗೆ ನಂಬುವುದು ಎಂದ ಅಧಿಕಾರಿ ಉಯಿಲನ್ನು ಒಪ್ಪದೆ ಅಲ್ಲೇ ಇಟ್ಟುಕೊಂಡರು. ವಕೀಲರು ಹೊರಗೆ ಬಂದು ನಿಟ್ಟುಸಿರಿಟ್ಟರು: "ಬಿಚ್ಚಿದ್ದನ್ನ ಹಾಗೇ ತಂದಿದ್ರೆ ಬಚ್ಚಿಟ್ಟವರನ್ನೇ ಹಿಡೀತಿದ್ದೆ, ಅಮ್ಮಾ. ಹೊಲಿದು ತಂದಿರಿ, ಈಗ ಕಳ್ಳರು ನೀವಾದ್ರಿ."

ಮೊದಲ ಮಳೆಗೆ ಮುಂಚೆ ಅತ್ತೆ ಬೀಗ ತಂದಳು. ಪಿಯೆದಾದ್ ಹೊಲಿಗೆ ಯಂತ್ರಕ್ಕೆ ಕೈ ಹಾಕಿದರೆ, "ಅದೂ ಅಪ್ಪಂದೇ. ಮುಟ್ಟಬೇಡ" ಎಂದಳು.

"ನನ್ನಿಂದ ಹೀಗಾಯ್ತು ಮಗಳೇ" ಎಂದೆ.

"ನೀವು ಹೇಳದಿದ್ರೂ ಹೊಲೀತಿದ್ದೆ. ಅಷ್ಟು ಹೆದರಿದ್ದೆ." ಬಟ್ಟೆಯ ಗಂಟನ್ನು ಸೊಂಟಕ್ಕೇರಿಸಿಕೊಂಡು ಮೆಲ್ಲಗೆ ಕೇಳಿದಳು: "ಮಾದ್ರಿನ್, ಆ ಕಾಗದ ಈಗ ಎಲ್ಲಿಟ್ಟಿರ್ತಾರೆ? ಮೊಮ್ಮಗಳು ಅಂತ ಬರೆದದ್ದು ಅದೊಂದೇ."