ಮಾಳದ ತಿರುವಿನ ಉಪ್ಪುನೀರು

ಉಚ್ಚಿಲದ ಅಲಿಯಬ್ಬ ಹದಿನಾಲ್ಕು ವರ್ಷ ಮೀನಿನ ಟೆಂಪೋ ಓಡಿಸಿದವನು. ಕಾಪುವಿನಲ್ಲಿ ಬಂಗುಡೆ, ಬೂತಾಯಿ ತುಂಬಿಸಿಕೊಂಡು ಹೊರಟರೆ ಕಾರ್ಕಳ, ಬಜಗೋಳಿ ದಾಟಿ ಬೆಳಕು ಹರಿಯುವಾಗ ಘಟ್ಟದ ಬುಡದ ಮಾಳ ಎಂಬ ಊರಿಗೆ ಮುಟ್ಟುತ್ತಿದ್ದ. ದಾರಿಯ ವಿಷಯದಲ್ಲಿ ಅವನಷ್ಟು ಜಾಗ್ರತೆಯ ಮನುಷ್ಯ ಇನ್ನೊಬ್ಬನಿರಲಿಲ್ಲ. ಮಳೆ ಬಿಟ್ಟು ಭತ್ತ ತೆನೆ ಕಟ್ಟುವ ಹೊತ್ತಿಗೆ ಕಡವೆಗಳು ಕಾಡಿನಿಂದ ಇಳಿಯುತ್ತವೆ. ಆ ಎರಡು ತಿಂಗಳು ಅವನ ಕಾಲು ಬ್ರೇಕಿನ ಮೇಲೆಯೇ. ತಮ್ಮ ಶುಕೂರನಿಗೆ ಗಾಡಿ ಕಲಿಸುವಾಗಲೂ ಅದೇ ಪಾಠ.

“ಒಂದು ದಾಟಿತು ಅಂತ ಗಾಡಿ ಮುಂದೆ ಬಿಡಬೇಡ, ಹಿಂದೆ ಇನ್ನೊಂದು ಉಂಟು. ಲೈಟು ಡಿಮ್ ಮಾಡಿ ಕಾಯಬೇಕು. ಅಡ್ಡ ಬಂದೇ ಬಿಟ್ಟರೆ ಬ್ರೇಕ್ ತುಳಿ, ಸ್ಟಿಯರಿಂಗ್ ಮಾತ್ರ ತಿರುಗಿಸಬೇಡ. ಅದು ಸತ್ತರೆ ಸಾಯಲಿ, ನೀನು ಉಳಿಯಬೇಕು.”

ಇಷ್ಟೆಲ್ಲ ಬಲ್ಲವನು ಮಾಡುತ್ತಿದ್ದುದೇನು? ಮೀನು ಕೆಡದಿರಲೆಂದು ಮಂಜುಗಡ್ಡೆಗೆ ಕಲ್ಲುಪ್ಪು ಬೆರೆಸುತ್ತಿದ್ದ. ಕರಗಿದ ನೀರನ್ನು ಪೇಟೆಯಲ್ಲಿ ಬಿಟ್ಟರೆ ನಾತವೆಂದು ಜನ ಬೈಯುತ್ತಾರೆ. ಅದಕ್ಕೇ ಮಾಳದ ಹತ್ತಿರ, ಮನೆಯಿಲ್ಲದ ಒಂದು ತಿರುವಿನಲ್ಲಿ ನಿಲ್ಲಿಸಿ ಟೆಂಪೋದ ತಳದ ಬಿರಡೆ ತೆಗೆದು ನೀರು ಬಿಡುತ್ತಿದ್ದ. ದಿನಾ ಅದೇ ಜಾಗ. ಯಾರಿಗೂ ತೊಂದರೆಯಿಲ್ಲ ಎಂಬ ಸಮಾಧಾನ ಬೇರೆ!

೧೯೮೩ರ ಅಕ್ಟೋಬರಿನಲ್ಲಿ ಅವನು ಜ್ವರದಿಂದ ಮಲಗಿದ. ಟೆಂಪೋವನ್ನು ಶುಕೂರ್ ಒಯ್ದ. ಆ ತಿರುವಿನಲ್ಲಿ ಕಡವೆಯೊಂದು ದಾಟಿತು, ಶುಕೂರ್ ನಿಲ್ಲಿಸಿ ಕಾದ. ಎರಡನೆಯದೂ ದಾಟಿದ ಮೇಲೆ ಹೊರಟ. ಆಗ ಎದುರಿಗೆ ನೆಗೆದದ್ದು ಮರಿ. ಅದಕ್ಕೆ ಗುದ್ದಲು ಅವನಿಗೆ ಮನಸ್ಸು ಬರಲಿಲ್ಲವೋ ಏನೋ, ಸ್ಟಿಯರಿಂಗ್ ತಿರುಗಿಸಿದ. ಟೆಂಪೋ ಮರಕ್ಕೆ ಬಡಿಯಿತು. ಇಪ್ಪತ್ತಮೂರರ ಶುಕೂರ್ ಅಲ್ಲೇ ತೀರಿಹೋದ.

ವಾರ ಕಳೆದು ಅಲಿಯಬ್ಬ ಅಲ್ಲಿಗೆ ಹೋದ. ಅಂದು ಗದ್ದೆ ಕಾಯುತ್ತ ಎಲ್ಲವನ್ನೂ ಕಣ್ಣಾರೆ ಕಂಡಿದ್ದ ರೈತ ದೇವದಾಸ ಕೆಳಗಿನಿಂದ ಹತ್ತಿ ಬಂದ.

“ತಿರುಗಿಸಬೇಡ ಅಂತ ಎಷ್ಟು ಸಲ ಹೇಳಿದ್ದೆ ಅವನಿಗೆ!” ಎಂದು ಅಲಿಯಬ್ಬ ಅತ್ತ. “ಗದ್ದೆ ಕೆಳಗೆ ಉಂಟಲ್ಲ, ಈ ತಿರುವಿಗೇ ಯಾಕೆ ಬರಬೇಕು ಅವು?”

“ನಿಮಗೆ ಗೊತ್ತಿಲ್ವಾ ಮಾರಾಯ್ರೆ? ಉಪ್ಪಿಗೆ ಬರುವುದು. ನೀವು ನೀರು ಬಿಡ್ತೀರಲ್ಲ, ಆ ಮಣ್ಣು ನೆಕ್ಕಲಿಕ್ಕೆ. ನಾಲ್ಕೈದು ವರ್ಷ ಆಯ್ತು.”

ದೇವದಾಸನ ಮಾತಿನಲ್ಲಿ ಕೊಂಕಿರಲಿಲ್ಲ, ಕಂಡದ್ದನ್ನು ಹೇಳಿದ ಅಷ್ಟೆ. ಅಲಿಯಬ್ಬ ಬಗ್ಗಿ ನೋಡಿದ. ರಸ್ತೆಯಂಚಿನ ಮಣ್ಣು ನೆಕ್ಕಿಸಿಕೊಂಡು ಗುಳಿ ಬಿದ್ದಿತ್ತು. ಸುತ್ತ ಗೊರಸಿನ ಗುರುತು.

ಮನೆಗೆ ಬಂದಾಗ ತಾಯಿ ಆಸ್ಯಾ ಚಾಪೆಯ ಮೇಲೆ ಕೂತು ಶಪಿಸುತ್ತಿದ್ದಳು. “ಆ ಹಾಳು ಮೃಗಕ್ಕೆ ನನ್ನ ಮಗನೇ ಸಿಕ್ಕಿದ್ದಾ? ಅದರ ಸಂತಾನ ನಾಶವಾಗಲಿ!”

“ಅದಕ್ಕೆ ಬೈಯಬೇಡ ಉಮ್ಮಾ. ಅದನ್ನು ಅಲ್ಲಿಗೆ ಕರೆದದ್ದು ನಾನು.”

ಉಪ್ಪುನೀರಿನ ಕತೆಯನ್ನು ಅವನು ಒಂದೂ ಬಿಡದೆ ಹೇಳಿದ. ಆಸ್ಯಾ ಕೊನೆಯವರೆಗೂ ಕೇಳಿದಳು, ಆಮೇಲೆ ಎದ್ದು ಒಳಗೆ ಹೋಗಿ ಅವನಿಗೆ ಗಂಜಿ ಬಡಿಸಿದಳು. ಅಂದಿನಿಂದ ಅವಳು ಕಡವೆಗೆ ಶಾಪ ಹಾಕಲಿಲ್ಲ. ಹಿರಿಯ ಮಗನಿಗೂ ಹಾಕಲಿಲ್ಲ. ಒಮ್ಮೆಯಾದರೂ ಹಾಕಲಿ ಎಂದು ಅಲಿಯಬ್ಬ ಅವಳು ಸಾಯುವವರೆಗೂ ಕಾದ.