ಬನಹಟ್ಟಿ ಕಾಕಾನ ದಡಿ ಅಳಿಸಿದಾವ ನಾನ

"ಆ ಸಿಸ್ಟಮ್ ಹೆಂಗ ಕಟ್ಟಿದ್ರಿ, ಬರೀರಿ" ಅಂತ ಭಾಳ ಮಂದಿ ಕೇಳಾಕತ್ತೀರಿ. ಮುಧೋಳದ ಮಾಸ್ತರ ಸಾಲ್ಯಾಗ ಮೂಲಿಗೆ ಬಿದ್ದಿದ್ದ ಹಳೇ ಕಂಪ್ಯೂಟರು ಈಗ ನಡ್ಯಾಕತ್ತಾವು, ಪರದೆ ಮ್ಯಾಲ ನಮ್ಮ ಮಾತಿನ್ಯಾಗ 'ತಗಿ', 'ಮುಚ್ಚು', 'ಹುಡುಕು' ಅಂತ ಬರ್ತೈತಿ. ಖರೆ. ಆದ್ರ ಅವುಗಳ ಮುಂದ ನಿಂತು ನಾ ಒಂದೂ ಫೋಟೋ ಹಾಕಿಲ್ಲ. ಮಿರ್ಚಿ ತಿಂದ್ರೂ ಫೋಟೋ ಹಾಕೋ ಮನಿಷಾ ನಾನು. ಇದಕ್ಯಾಕ ಹಾಕಿಲ್ಲ ಅಂತ ಯಾರೂ ಕೇಳಲಿಲ್ಲ. ಇವತ್ತ ನಾನ ಹೇಳಿಬಿಡ್ತೀನಿ.

ಜಮಖಂಡಿಯಾಗ ನಂದು ಕಂಪ್ಯೂಟರ್ ರಿಪೇರಿ ಅಂಗಡಿ. ಮಾಸ್ತರು ನನ್ನ ಹಳೇ ದೋಸ್ತ. ಇಬ್ಬರೂ ಕೂಡಿ ಒಂದು ಹುಚ್ಚು ಹಚ್ಚಿಕೊಂಡಿವಿ. ಲಿನಕ್ಸ್ ಅನ್ನೂದನ್ನ ಯಾರೋ ಕಟ್ಟಿಟ್ಟಿದ್ದು ಇಳಿಸಿಕೊಳ್ಳೂದು ಬ್ಯಾಡ, ಸೋರ್ಸ್ ಕೋಡ್‌ದಿಂದ ನಾವ ಕಟ್ಟೂನು, ಹಳೇ ಮಷೀನಿಗೆ ತಕ್ಕಷ್ಟು ಹಗೂರ ಮಾಡೂನು ಅಂತ. ತಯಾರಿದ್ದದ್ದು ಹಾಕೂದಂದ್ರ ಅಂಗಡಿಗೆ ಹೋಗಿ ಸೀರಿ ತಂದಂಗ. ಸೋರ್ಸ್‌ದಿಂದ ಕಟ್ಟೂದಂದ್ರ ನೂಲು ತಂದು, ಬಣ್ಣಾ ಹಾಕಿ, ಹಾಸು ಹೂಡಿ, ನೇಯ್ದು ಉಟ್ಟಂಗ. ಯಾವುದರ ಹಿಂದ ಯಾವುದು ಅಂತ ಮಾಸ್ತರು ಉದ್ದಕ ಪಟ್ಟಿ ಬರದಿದ್ರು. ಒಂದು ಮೆಟ್ಟಲಾ ಬಿಟ್ರ ಮುಂದಿಂದು ಏಳೂದಿಲ್ಲ.

ಕಟ್ಟಾಕ ಜೋರಿನ ಮಷೀನು ಬೇಕಾತು. ನನ್ನ ಅಂಗಡ್ಯಾಗಿನವು ಒಂದು ತುಂಡು ಕಟ್ಟೂದ್ರಾಗ ಊಟಾ ಮಾಡಿ ನಿದ್ದಿ ತಗದು ಬರಬಹುದು. ಅಂಥಾದ್ದು ಇದ್ದದ್ದು ಬನಹಟ್ಟಿ ಕಾಕಾನ ಕಡೆ. ಕಾಕಾ ಅಂದ್ರ ಸೀರಿ ದಡಿ, ಸೆರಗಿನ ಡಿಸೈನ್ ಬರ್ಕೊಡಾವ್ರು. ಮೊದಲ ಗ್ರಾಫ್ ಹಾಳಿ ಮ್ಯಾಲ ಚೌಕ ಚೌಕ ತುಂಬಿ ಬರೀತಿದ್ರು. ಅವನ್ನೆಲ್ಲಾ ಕಂಪ್ಯೂಟರಿಗೆ ಏರಿಸಿಕೊಟ್ಟಾವ ನಾನ. "ಇನ್ನ ಈ ಹಾಳಿ ಯಾಕ್ರಿ ಕಾಕಾ, ಇಲಿ ಕಡೀತಾವು, ರದ್ದಿಗೆ ಹಾಕ್ರಿ" ಅಂದಾವನೂ ನಾನ. ಹಾಕಿದ್ರು.

"ತಮ್ಮಾ, ನಾ ಇಲ್ಲದಾಗ ಬಂದು ಏನರ ಕಟ್ಕೋ. ಮಷೀನು ಸುಮ್ನ ಕುಂತಿರ್ತೈತಿ" ಅಂದ್ರು. ಪುಣ್ಯಾತ್ಮ.

ಈಗ ಒಂದು ಮಾತು ತಿಳಕೋರಿ. ಹೊಸಾ ಸಿಸ್ಟಮ್ ಕಟ್ಟೂದು ಹಳೇ ಸಿಸ್ಟಮ್ಮಿನ ಹೊಟ್ಟ್ಯಾಗ, ಒಂದು ಬ್ಯಾರೆ ಜಾಗಾದಾಗ. ಆ ಜಾಗಾಕ್ಕ ಒಂದು ಅಡ್ಡಹೆಸರು ಕೊಟ್ಟಿರ್ತೇವಿ. ಆದೇಶ ಬರಿಯೋ ಕಪ್ಪು ಕಿಟಕಿ ಮುಚ್ಚಿ ಮತ್ತೊಂದು ತಗದ್ರ ಮಷೀನು ಆ ಅಡ್ಡಹೆಸರು ಮರೀತೈತಿ. ಮರತ ಮ್ಯಾಲ ನೀವು 'ಆ ಜಾಗಾದಾಗಿಂದು ಅಳಿಸು' ಅಂದ್ರ, ಅದು ತನ್ನ ಮನಿದಾಗಿಂದ ಅಳಿಸಿಕೊಂಡು ಕೂಡ್ರತೈತಿ. ಕೇಳೂದಿಲ್ಲ, ಗೊಣಗೂದಿಲ್ಲ.

ಮಾಸ್ತರಿಗೆ ಇದರ ಹೆದರಿಕಿ. ಕಾಕಾನ ಮನ್ಯಾಗ ಕರೆಂಟಿನ ಮಗ್ಗಾನೂ ಅದಾವು, ಅಲ್ಲಿ ಅವರು ಒಂದು ರೂಢಿ ನೋಡಿದ್ರು. ಹರದ ಎಳಿ ಕಟ್ಟಾಕ ಮಗ್ಗಾ ನಿಲ್ಲಿಸಿದ್ರ, ತಿರಗಿ ಚಾಲೂ ಮಾಡೂಕಿಂತ ಮೊದಲ "ಹಚ್ಚಲೇನು?" ಅಂತ ಒದರಬೇಕು. ಆ ಕಡೆ ಕೈ ಇಟ್ಟಾವ್ರು "ಹಚ್ಚು" ಅಂದ್ರ ಮಾತ್ರ ಬಟನ್. ಮಾಸ್ತರು ಅದನ್ನ ನಮಗ ಹಚ್ಚಿದ್ರು: ಹೊಸಾ ಕಿಟಕಿ ತಗದಾಗೊಮ್ಮೆ ಮಷೀನಿಗೆ ಆ ಅಡ್ಡಹೆಸರು ಅಂದ್ರೇನು ಅಂತ ಕೇಳಬೇಕು, ಬಂದ ಉತ್ತರ ಅವರಿಗೆ ಫೋನಿನ್ಯಾಗ ಓದಬೇಕು, ಅವರು "ಹಚ್ಚು" ಅಂದ ಮ್ಯಾಲ ಮುಂದಿಂದು.

"ನಾ ಏನ್ ಒಂದನೇತ್ತೇ ಹುಡುಗಾ ಏನಲೇ?" ಅಂದೆ.

"ಒಂದನೇತ್ತೇ ಹುಡುಗರು ನನ್ನ ಮಾತ ಕೇಳ್ತಾವು" ಅಂದ್ರು.

ನಾಕು ದಿನ ಕೇಳಿದೆ. ಐದನೇ ದಿನ ಮಧ್ಯಾಹ್ನ ಕಾಕಾ ಗಿರಾಕಿಗೆ ಒಂದು ದಡಿ ತೋರಸಬೇಕು ಅಂದ್ರು. ಕಿಟಕಿ ಮುಚ್ಚಿ ಮಷೀನು ಬಿಟ್ಟುಕೊಟ್ಟೆ. ಕಾಕಾನ ಸೊಸಿ ಬಿಸಿ ರೊಟ್ಟಿ, ಬದನಿಕಾಯಿ ಪಲ್ಯಾ ನೀಡಿದ್ಲು, ಉಂಡೆ. ಗಿರಾಕಿ ಕೂಡ ಕಾಕಾನೂ ಹೊರಗ ಹೋದ್ರು. ನಾ ಬಂದು ಕುಂತಾವ ಲೈವ್ ಹಚ್ಚಿದೆ. "ನೋಡ್ರಿಪಾ, ಬನಹಟ್ಟ್ಯಾಗ ಕುಂತು ಆಪರೇಟಿಂಗ್ ಸಿಸ್ಟಮ್ ಕಟ್ಟಾಕತ್ತೇನಿ!" ಕೆಳಗ ಹಾರ್ಟು ಏರಾಕತ್ತುವು. ಮುಂಜಾನಿ ಒಂದು ತುಂಡು ತಪ್ಪಾಗಿ ಕಟ್ಟಿತ್ತು, ಅಳಿಸಿ ಹೊಸದಾಗಿ ಮಾಡಬೇಕಿತ್ತು. ಮಂದಿ ಮುಂದ ಮಾಸ್ತರಿಗೆ ಫೋನ್ ಮಾಡಿ "ಹಚ್ಚಲೇನ್ರಿ?" ಅಂತ ಕೇಳಾಕ ನಾಚಿಕಿ ಆತು. ಆದೇಶ ಬಾಯಿಪಾಠ ಇತ್ತು. ಬರದೆ. ಒತ್ತಿದೆ.

ಭಾಳ ಹೊತ್ತು ತಗೊಂತು. ಒಂದು ಸಣ್ಣ ತುಂಡು ಅಳಿಸಾಕ ಅಷ್ಟ ಹೊತ್ತು ಬೇಕಾಗೂದಿಲ್ಲ. ಲೈವ್ ಬಂದ್ ಮಾಡಿದೆ. ಕಾಕಾನ ಡಿಸೈನ್ ಇರೋ ಜಾಗಾ ತಗದು ನೋಡಿದೆ. ಒಂದೂ ಇರಲಿಲ್ಲ. ಇಪ್ಪತ್ತನೇ ವಯಸ್ಸಿನಿಂದ ಬರದ ದಡಿ, ಎಲ್ಲಾ ಹೋಗಿದ್ದುವು. ಅಳಿಸಿದ್ದನ್ನ ಹುಡುಕಿ ತರೋ ಸಾಫ್ಟ್‌ವೇರ್ ಹಾಕಿದೆ. ಬಂದದ್ದು ಹರಕ ತುಂಡು.

ಕಾಕಾ ಬಂದಾಗ ನನ್ನ ಬಾಯಿಂದ ಏನ್ ಬಂತು ಗೊತ್ತೇನು? "ಕಾಕಾ, ಡಿಸ್ಕ್‌ನ್ಯಾಗ ಒಂದು ಭಾಗ ಸುಟ್ಟಂಗ ಕಾಣತೈತ್ರಿ."

"ಹಂಗ ಹೆಂಗ ಸುಡತೈತೋ?"

"ಯಾರರ ಏನರ ಹಚ್ಚಿದ್ರೇನು..." ಅಂದೆ. ಸೊಸಿ ಮುಂಜಾನಿ ಆ ಮಷೀನಿಗೆ ಚಾರ್ಜಿಗೆ ಅಂತ ಫೋನ್ ಹಚ್ಚಿದ್ದು ನಾ ನೋಡಿದ್ದೆ. ನೋಡಿನ ಅಂದೆ.

ಕಾಕಾ ಒಳಗ ಹೊಳ್ಳಿ, "ಏನ್ ಮಾಡೀದಿ ಬೇ? ಅದಕ್ಕ ಕೈ ಹಚ್ಚಬ್ಯಾಡ ಅಂತ ಎಷ್ಟ ಸಲ ಹೇಳೇನಿ!" ಅಂತ ಒದರಿದ್ರು. ಆಕಿ ಬಾಗಲದಾಗ ನಿಂತಿದ್ಲು. ಮಾವನ್ನ ನೋಡಲಿಲ್ಲ, ನನ್ನ ನೋಡಿದ್ಲು. ನಾ ಮಷೀನಿನ ಹಿಂದ ವೈರ್ ಸರಿ ಮಾಡೂ ನೆಪಾ ಮಾಡಿದೆ.

ಮುಂದ ಆಕಿ ತಾನ ಓಣ್ಯಾಗ ಮನಿಮನಿಗೆ ಹೋಗಿ, ಕಾಕಾನ ದಡಿ ಇರೋ ಹಳೇ ಸೀರಿ ಇಸಕೊಂಡು ಬಂದ್ಲು. ಭೂತಗನ್ನಡಿ ಹಿಡದು ಎಳಿ ಎಳಿ ಎಣಿಸಿ ಗ್ರಾಫ್ ಹಾಳಿಗೆ ಇಳಿಸಾಕತ್ಲು. ನಾ ಐತವಾರಕ್ಕೊಮ್ಮೆ ಹೋಗಿ ಆ ಹಾಳಿ ಸ್ಕ್ಯಾನ್ ಮಾಡಿ ಏರಿಸ್ತಿದ್ದೆ. "ನೀ ಇದ್ದದ್ದಕ್ಕ ಆತು ತಮ್ಮಾ" ಅಂತಿದ್ರು ಕಾಕಾ. ಅವರ ಮನಿ ಚಹಾ ಕುಡದು ಆ ಮಾತು ಕೇಳ್ಕೊಂಡು ಕುಂತಿರ್ತಿದ್ದೆ.

ಎರಡನೇ ಐತವಾರ ಕಾಕಾ, "ಪಾಸ್‌ವರ್ಡ್ ಅಂತಾರಲ್ಲಾ, ಅದನ್ನೊಂದು ಹಾಕಿಬಿಡು. ಈಕಿ ಮತ್ತ ಕೈ ಹಚ್ಚಬಾರದು" ಅಂದ್ರು. ಆಕಿ ಅಲ್ಲೇ ಸೀರಿ ಹಾಸ್ಕೊಂಡು ಎಣಸಾಕತ್ತಿದ್ಲು. ನಾ ಹಾಕಿದೆ. ಹೌದು, ಹಾಕಿದೆ. ಬಸ್ ಹತ್ತಿ ಊರಿಗೆ ಬಂದೆ.

ಮರುದಿನ ಮಾಸ್ತರ ಮುಂದ ಹೊಟ್ಟ್ಯಾಗಿಂದೆಲ್ಲಾ ಕಾರಿದೆ. ಅವರು ಆದೇಶದ ಬಗ್ಗೆ ಒಂದ ಮಾತೂ ಬೈಲಿಲ್ಲ. "ಪಾಸ್‌ವರ್ಡ್ ಹಾಕಿ ಬಂದೀಯೇನಲೇ?" ಅಂದ್ರು. "ಹೋಗಿ ಮೊದಲ ಅದನ್ನ ತಗದು ಬಾ. ಅಲ್ಲೀತನಾ ನನಗ ಫೋನ್ ಮಾಡಬ್ಯಾಡ."

ಹೋದೆ. ಕಾಕಾ ಒಬ್ಬರ ಇದ್ದಾಗ ಹೇಳಿದ್ರ ಹಗೂರ ಆಗ್ತೈತಿ ಅಂತ ಕಾಯ್ದು ಹೇಳಿದೆ. ಕಾಕಾ ಬೈತಾರ, ಹೊಡೀತಾರ ಅನಕೊಂಡಿದ್ದೆ. ಚಷ್ಮಾ ತಗದು ಧೋತರದ ಚುಂಗಲೇ ಒರಸ್ಕೊಂತ ಕುಂತ್ರು. ಆಮ್ಯಾಲ, "ನನಗ ಹೇಳಿ ಏನಾತು? ಬೈಸ್ಕೊಂಡಾಕಿ ಒಳಗ ಅದಾಳ" ಅಂದು ಕರದ್ರು.

ಆಕಿ ಬಂದ್ಲು. ನಾ ತಲಿ ಕೆಳಗ ಹಾಕಿ ಮತ್ತ ಮೊದಲಿಂದ ಹೇಳಿದೆ.

"ಗೊತ್ತೈತ್ರಿ ಅಣ್ಣಾರ" ಅಂದ್ಲು. "ಅವತ್ತ ಸಂಜೀಕ ಆ ಕಪ್ಪು ಕಿಟಕಿ ಹಂಗ ತಗದು ಬಿಟ್ಟು ಹೋಗಿದ್ರಿ. ಮ್ಯಾಲಿನ ಬಾಣದ ಕೀಲಿ ಒತ್ತಿದ್ರ ಹಿಂದ ಬರದದ್ದು ಬರ್ತೈತಿ ಅಂತ ನೀವ ತೋರಿಸಿದ್ರಿ. ಒತ್ತಿದೆ. 'ಅಳಿಸು' ಅಂತ ನೀವು ಬರದದ್ದು ಬಂತು."

"ಮತ್ತ ಹೇಳಲಿಲ್ಲಲ್ಲವಾ?"

"ಯಾರ ಮುಂದ ಹೇಳಲ್ರಿ? ನೀವು ಕಂಪ್ಯೂಟರ್ ಕಲ್ತಾವ್ರು. ನಾ ಚಾರ್ಜಿಗೆ ಫೋನ್ ಹಚ್ಚಿದಾಕಿ."

ಕಾಕಾ ತಮ್ಮ ಕುರ್ಚಿ ಬಿಟ್ಟು ಎದ್ರು. ತಪ್ಪಾತು ಅನ್ನೂದು ಅವರ ಬಾಯಾಗೂ ಬರಲಿಲ್ಲ. "ಕೂಡ್ರವಾ" ಅಂದು ಗ್ವಾಡಿ ಕಡೆ ಮಾರಿ ಮಾಡಿ ನಿಂತ್ರು.

ಆಕಿ ಕುಂತ್ಲು. ನಾ ಪಾಸ್‌ವರ್ಡ್ ತಗದೆ. ಆಕಿ ಕಿಟಕಿ ತಗದು, ಬಾಣದ ಕೀಲಿ ಒತ್ತಿ ಒತ್ತಿ ಆ ಸಾಲು ಹುಡಕಿ ಮುಂದ ಇಟ್ಲು. "ಇದ್ರಾಗ ತಪ್ಪ ಎಲ್ಲೈತಿ, ತೋರಸ್ರಿ."

ನಾ ಬೆರಳ ಇಟ್ಟು ತೋರಿಸಿದೆ. ಮಷೀನು ಏನ್ ಮರತಿತ್ತು, ನಾ ಏನ್ ಕೇಳಬೇಕಿತ್ತು, ಎಲ್ಲಾ ಬಿಡಿಸಿ ಹೇಳಿದೆ. ಆ ಅಡ್ಡಹೆಸರು ಅಂದ್ರೇನು ಅಂತ ಆಕಿ ಮಷೀನಿಗೆ ಬರದು ಕೇಳಿದ್ಲು. ಅದಕ್ಕ ಗೊತ್ತಿರಲಿಲ್ಲ, ಖಾಲಿ ಸಾಲು ಬಂತು.

"ಇಷ್ಟ ಏನ್ರಿ?" ಅಂದ್ಲು. "ಒಂದ ಮಾತ ಕೇಳಿದ್ರ ಮುಗೀತಿತ್ತಲ್ರಿ."

"ಹೌದವಾ."

ಆಕಿ ಸೀರಿ ಎಳಕೊಂಡು ಭೂತಗನ್ನಡಿ ಇಟ್ಲು. "ಕುಂದರ್ರಿ. ನಾ ಎಳಿ ಹೇಳ್ತೀನಿ, ನೀವು ಚೌಕ ತುಂಬ್ರಿ. ಮೂರು ಕೆಂಪು, ಒಂದು ಖಾಲಿ..."