ಸಂಗವ್ವನ ಬಲಮುರಿ ಅಚ್ಚು

ನಾಗಪುರಕ್ಕೆ ಬಂದ ಮೊದಲ ವರ್ಷ ಸಂಗವ್ವನಿಗೆ ಬರುತ್ತಿದ್ದ ಮರಾಠಿ ಎರಡೇ ಮಾತಿನದು. ಒಂದು 'ಹೋ', ಅಂದರೆ ಹೌದು; ಇನ್ನೊಂದು 'ನಾಹೀ', ಅಂದರೆ ಇಲ್ಲ. ಅವನ್ನೂ ಆಕೆ ಸರಿಯಾದ ಜಾಗದಲ್ಲಿ ಬಳಸಿದ್ದರೆ ಚಿಂತೆ ಇರಲಿಲ್ಲ. ತರಕಾರಿಯವನಿಗೆ 'ನಾಹೀ' ಅನ್ನಬೇಕಾದ ಕಡೆ 'ಹೋ' ಅಂದು, ಎರಡು ಕಿಲೋ ಹಾಗಲಕಾಯಿ ಹೊತ್ತು ತಂದು, ಒಂದು ವಾರ ಗಂಡನಿಗೆ ಅದನ್ನೇ ಬಡಿಸಿದಳು. ಈರಪ್ಪ ತುಟಿ ಎರಡು ಮಾಡದೆ ತಿಂದ. ಆತ ಹಿಂಗಣಾದ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಬೆಳಿಗ್ಗೆ ಆರಕ್ಕೆ ಸೈಕಲ್ಲಿಗೆ ಡಬ್ಬಿ ಕಟ್ಟಿಕೊಂಡು ಹೋದನೆಂದರೆ ಸಂಜೆಯವರೆಗೆ ಆಕೆಗೆ ಗೋಡೆಗಳೇ ಗತಿ. ಬೈಲಹೊಂಗಲದ ಕಡೆಯ ಹಳ್ಳಿಯಲ್ಲಿ ಹಗಲೆಲ್ಲ ಹರಟುತ್ತಿದ್ದವಳು ಇಲ್ಲಿ ಮಹಾಲ್ ಭಾಗದ, ಅಂಗಳದ ಸುತ್ತ ಬಾಡಿಗೆ ಬಿಡಾರಗಳಿದ್ದ ಹಳೆಯ ವಾಡೆಯೊಂದರ ಎರಡು ಕೋಣೆಯಲ್ಲಿ ಮೂಕಿಯಾಗಿ ಕೂತಿದ್ದಳು.

ಆ ವರ್ಷದ ಸಂಕ್ರಾಂತಿಗೆ ವಾಡೆಯ ಹೆಂಗಸರೆಲ್ಲ ಎಳ್ಳುಂಡೆಯ ಜೊತೆ ಚಿತ್ರ ಬಿಡಿಸಿದ ಪುಟ್ಟ ಪುಟ್ಟ ಕಾರ್ಡು ಹಿಡಿದು ಬಂದರು. ತಿರುಗಿ ಕೊಡಬೇಕಲ್ಲ? ಎಳ್ಳು ಮನೆಯಲ್ಲಿತ್ತು, ಬರೆಯಲು ಭಾಷೆ ಇರಲಿಲ್ಲ. ಸಂಗವ್ವ ಒಂದು ಆಲೂಗಡ್ಡೆಯನ್ನು ಅರ್ಧಕ್ಕೆ ಕತ್ತರಿಸಿ, ಬ್ಲೇಡಿನಿಂದ ಗಿಣಿ ಕೊರೆದು, ಬಟ್ಟೆಗೆ ಹಾಕುವ ನೀಲಿಯಲ್ಲಿ ಅದ್ದಿ, ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಒತ್ತಿದಳು. ಹನ್ನೊಂದು ಮನೆಗೆ ಹನ್ನೊಂದು ಗಿಣಿ. ಅಂಗಳದಾಚೆಯ ವಿಮಲಾಬಾಯಿ ತನ್ನ ಗಿಣಿಯನ್ನು ನೋಡಿ, ಈಕೆಯ ಗದ್ದ ಹಿಡಿದು ನಕ್ಕು, ಒಳಗೆ ಕೂರಿಸಿಕೊಂಡು ಮೊದಲ ಪಾಠ ಹೇಳಿಕೊಟ್ಟಳು. 'ಹೇ ಮೀ ಕೇಲಂ', ಇದನ್ನು ನಾನು ಮಾಡಿದೆ.

ಅಲ್ಲಿಂದ ಶುರುವಾದದ್ದು ನಿಲ್ಲಲಿಲ್ಲ. ಆಲೂಗಡ್ಡೆ ಎರಡು ದಿನಕ್ಕೆ ಕೊಳೆಯುತ್ತದೆ ಎಂದು ಶಾಲೆಯ ಮಕ್ಕಳ ರಬ್ಬರಿಗೆ ಬಂದಳು. ಅದು ಸಣ್ಣದಾಯಿತೆಂದು ಈರಪ್ಪ ಕಾರ್ಖಾನೆಯಲ್ಲಿ ಬಿಸಾಡುವ ದಪ್ಪ ರಬ್ಬರಿನ ತುಣುಕು ತಂದ. ಸಂತ್ರೆ ಹಣ್ಣಿನ ಪೆಟ್ಟಿಗೆಯ ಹಲಗೆ ಕೊಯ್ದು ಅದಕ್ಕೆ ಹಿಡಿಕೆ ಮಾಡಿದ. ಮುರಿದ ಹ್ಯಾಕ್ಸಾ ಬ್ಲೇಡನ್ನು ಮಸೆದು ಚಾಕು ಮಾಡಿಕೊಟ್ಟ. ಹೆಂಡತಿಯ ಮೇಲೆ ಪ್ರೀತಿ ಇದೆ ಎಂದು ಆತ ಬಾಯಿಬಿಟ್ಟು ಹೇಳಿದ ದಾಖಲೆ ಇಲ್ಲ, ಆದರೆ ಆ ಚಾಕುವಿನ ಹಿಡಿಗೆ ಕೈ ನೋಯದಂತೆ ಸೈಕಲ್ ಟ್ಯೂಬು ಸುತ್ತಿದ್ದ. ನಾಗಪುರದ ವೈಶಾಖದ ಬಿಸಿಲಿಗೆ ಶಾಯಿ ಪ್ಯಾಡು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಒಣಗುತ್ತಿತ್ತು. ಬಿಸ್ಕತ್ತಿನ ಡಬ್ಬಿಯ ಮುಚ್ಚಳದಲ್ಲಿ ಉಣ್ಣೆ ಬಟ್ಟೆ ಹಾಸಿ, ಶಾಯಿಗೆ ನಾಲ್ಕು ಹನಿ ಗ್ಲಿಸರಿನ್ ಬೆರೆಸಿದರೆ ತೇವ ನಿಲ್ಲುತ್ತದೆ ಎಂಬುದನ್ನು ಆಕೆಗೆ ಯಾರೂ ಕಲಿಸಿದ್ದಲ್ಲ.

ಹೀಗೆ ಏಳು ವರ್ಷ ಕಳೆಯಿತು. ದೀಪಾವಳಿ ಕಾರ್ಡು, ಮಗುವಿಗೆ ಹೆಸರಿಡುವ ಬಾರಸೆಯ ಕಾರ್ಡು, ಉಡುಗೊರೆ ಹಣದ ಆಹೇರಿನ ಪಾಕೀಟು, ಮದುವೆಯಲ್ಲಿ ಹೆಣ್ಣಿನ ಕಡೆಯವರು ಸಾಲಾಗಿ ಜೋಡಿಸಿಡುವ ರುಖವತ್ತಿಗೆ ಬೇಕಾದ ಬೀಸಣಿಗೆ, ಕುಂಕುಮದ ಪೆಟ್ಟಿಗೆ, ಎಲ್ಲದರ ಮೇಲೂ ಸಂಗವ್ವನ ಬಳ್ಳಿ, ಸಂಗವ್ವನ ನವಿಲು. ಮರಾಠಿಯೂ ಬಂತು, ಜಗಳ ಆಡುವಷ್ಟು ಬಂತು.

೧೯೮೬ರ ಬೇಸಿಗೆಗೆ ವಿಮಲಾಬಾಯಿಯ ಒಬ್ಬಳೇ ಮಗಳು ವಿಜಯಾಳ ಮದುವೆ ಗೊತ್ತಾಯಿತು. ಹುಡುಗ ಗೋವಿಂದ, ಸಾವನೇರ್ ಹತ್ತಿರದ ಕಲ್ಲಿದ್ದಲ ಗಣಿಯ ಆಫೀಸಿನಲ್ಲಿ ಗುಮಾಸ್ತ. ಎಲ್ಲ ಚಂದವೇ, ಆದರೆ ಆ ಮನೆಯಲ್ಲಿ ಹುಡುಗನ ಅಜ್ಜಿ, ಸತ್ಯಭಾಮಾ ಎಂಬ ಆಜಿ ಇದ್ದಳು. ಹೆಣ್ಣು ನೋಡಲು ಬಂದ ದಿನ ಆಕೆ ಅವಲಕ್ಕಿಯ ಒಂದು ಕಾಳು ಮುಟ್ಟಲಿಲ್ಲ, ನೀರೂ ಕುಡಿಯಲಿಲ್ಲ, ಬಾಯಿ ಬಿಗಿದುಕೊಂಡು ಕೂತು ಎದ್ದು ಹೋದಳು. ಕಡು ಮಡಿವಂತೆ ಎಂದು ವಾಡೆ ತೀರ್ಮಾನಿಸಿತು. ವಿಮಲಾಬಾಯಿ ಅಂದಿನಿಂದ ಅರ್ಧ ನಿದ್ದೆ ಬಿಟ್ಟಳು.

ಲಗ್ನಪತ್ರಿಕೆಯ ಅಕ್ಷರ ಪ್ರೆಸ್ಸಿನದು, ತಲೆಯ ಮೇಲಿನ ಗಣಪತಿ ಸಂಗವ್ವನದು ಎಂದು ಮಾತಾಯಿತು. ತನ್ನ ಕಣ್ಣೆದುರೇ ಬೆಳೆದ ಹುಡುಗಿಯ ಮದುವೆಗೆ ಎಂಥ ಗಣಪತಿ ಕೊಡುವುದು? ಸಂಗವ್ವ ಯೋಚನೆಯನ್ನೇ ಮಾಡಲಿಲ್ಲ. ಬಲಮುರಿ! ಅವಳ ತವರಿನ ಕಡೆ ಸೊಂಡಿಲು ಬಲಕ್ಕೆ ತಿರುಗಿದ ಗಣಪನೆಂದರೆ ಬೇಡಿದ್ದನ್ನು ಕೊಡುವ ದೇವರು, ಎಲ್ಲರ ಭಾಗ್ಯಕ್ಕೂ ಸಿಗುವವನಲ್ಲ. ಅಚ್ಚು ಒತ್ತಿದಾಗ ಎಡಬಲ ತಿರುವುಮುರುವಾಗುತ್ತದೆ, ಅದಕ್ಕೇ ರಬ್ಬರಿನ ಮೇಲೆ ಸೊಂಡಿಲನ್ನು ಎಡಕ್ಕೆ ಕೊರೆದು, ಹೆಜ್ಜೆಹೆಜ್ಜೆಗೂ ಕನ್ನಡಿ ಹಿಡಿದು ನೋಡಿದಳು. ಮೂರು ದಿನದ ಕೆಲಸ. ಕೆಂಪು ಶಾಯಿಯಲ್ಲಿ ಇನ್ನೂರೈವತ್ತು ಪತ್ರಿಕೆ ಒತ್ತಿ ಕೊಟ್ಟಳು. ಸೀರೆ, ಪಾತ್ರೆ, ಅಡಿಗೆಯವರೆಂದು ತಲೆ ಕೆಟ್ಟುಹೋಗಿದ್ದ ವಿಮಲಾಬಾಯಿ ದೂರದಿಂದಲೇ ನೋಡಿ, 'ಛಾನ್', ಚೆಂದ, ಎಂದಳು. ಮೊದಲ ಪತ್ರಿಕೆಯನ್ನು ಅವಳ ಯಜಮಾನರು ಅಕ್ಷತೆಯೊಂದಿಗೆ ಸಾವನೇರಿಗೆ ಒಯ್ದರು, ನೂರು ಅಂಚೆಗೆ ಬಿದ್ದವು.

ಮರುದಿನ ಪುರೋಹಿತರು ತಮ್ಮ ಪತ್ರಿಕೆ ತೆಗೆದುಕೊಳ್ಳಲು ಬಂದರು. ಕನ್ನಡಕ ಏರಿಸಿದರು, ಇಳಿಸಿದರು.

ಮಾತೆಲ್ಲ ಮರಾಠಿಯಲ್ಲಿ ನಡೆದದ್ದು. ಸಂಜೆ ಸಂಗವ್ವ ಅದನ್ನು ಈರಪ್ಪನಿಗೆ ತನ್ನ ಭಾಷೆಯಲ್ಲಿ ಹೇಳಿದಳು, ನಾವೂ ಹಾಗೆಯೇ ಕೇಳೋಣ.

"ಬಲಗಡೆ ಸೊಂಡಿ! ಇದನ್ನ ಯಾರು ಹಾಕ್ಸಿದ್ರು?" ಎಂದರು ಪುರೋಹಿತರು. "ಈ ಗಣಪತಿ ಭಾಳ ಕಡಕ್ ದೇವ್ರು, ಬಾಯಿ. ಇವಂದು ಮಡಿ, ನೇಮ ಒಂದು ಕೂದಲೆಳಿ ತಪ್ಪಂಗಿಲ್ಲ. ಮನ್ಯಾಗ ಇಟ್ಟುಕೊಳ್ಳಾಕ ಮಂದಿ ಅಂಜತಾರ. ನೀವು ಊರಿಗೆಲ್ಲ ಹಂಚೀರಿ!"

ವಿಮಲಾಬಾಯಿ ಯಜಮಾನರತ್ತ ತಿರುಗಿದಳು. ಯಜಮಾನರಿಗೆ ಆಗ ನೆನಪಾಯಿತು: ಸಾವನೇರಿನಲ್ಲಿ ಆಜಿ ಪತ್ರಿಕೆಯನ್ನು ಎರಡೂ ಕೈಯಿಂದ ತೆಗೆದುಕೊಂಡು, ಬಹಳ ಹೊತ್ತು ನೋಡಿ, ಮಾತೇ ಆಡದೆ ಒಳಗೆ ಹೋಗಿದ್ದಳು.

ಬೈದಿದ್ದರೆ ಸಂಗವ್ವನ ಎದೆ ಅರ್ಧ ಹಗುರಾಗುತ್ತಿತ್ತು. ವಿಮಲಾಬಾಯಿ ಬೈಯಲಿಲ್ಲ. "ನಿನಗೇನು ಗೊತ್ತಿತ್ತು, ಹೋಗಲಿ ಬಿಡು," ಎಂದು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಆ ಹೊತ್ತಿನಿಂದ ತಟ್ಟೆಯ ಮುಂದೆ ಕೂರಲಿಲ್ಲ. ವಿಜಯಾ ತಾಯಿಯ ಕಾಲ ಬಳಿ ಕೂತಿದ್ದಳು. ಮದುವೆ ಮುರಿದರೂ ಕಷ್ಟ, ಮುರಿಯದಿದ್ದರೂ ಕಷ್ಟ. ಆ ಮುದುಕಿ ಜೀವ ಇರುವವರೆಗೆ ಹುಡುಗಿಯನ್ನು ಇದೇ ಮಾತಿನಿಂದ ಚುಚ್ಚುತ್ತಾಳಲ್ಲ! ಸಂಗವ್ವನಿಗೆ ತನ್ನ ಮೇಲೆ ಸಿಟ್ಟು ಬಂತು, ಆಮೇಲೆ ದೇವರ ಮೇಲೂ ಬಂತು. ಅಲ್ಲಿ ವರ ಕೊಡುವವನು ರೈಲು ಹತ್ತಿ ಇಲ್ಲಿಗೆ ಬಂದರೆ ಶಾಪ ಕೊಡಲು ಶುರು ಮಾಡುವುದೆಂದರೇನು?

"ದೇವ್ರು ಒಬ್ಬಾಂವ. ಸೊಂಡಿ ಯಾ ಕಡೆ ತಿರಗಿದ್ರೇನು?" ಎಂದ ಈರಪ್ಪ.

"ಆ ಮಾತು ಸಾವನೇರದ ಮುದುಕಿಗೆ ಹೋಗಿ ಹೇಳ್ರಿ."

"ನಾ ಯಾಕ ಹೇಳ್ಲಿ? ಕೊರದಾಕಿ ನೀನು. ನೀನ ಹೋಗಿ ಹೇಳು."

ಆತ ಮಾತಿಗೆ ಮಾತು ಅಂದದ್ದು, ಆಕೆ ಗಟ್ಟಿಯಾಗಿ ಹಿಡಿದಳು. ಹೆಣ್ಣಿನ ಮನೆಯವರು ಹೋದರೆ ಅದೊಂದು ದೊಡ್ಡ ಸುದ್ದಿಯಾಗುತ್ತದೆ. ತಾನು ಯಾರು? ಅಂಗಳದಾಚೆಯ ಕಾನಡೀ ಬಾಯಿ, ಕನ್ನಡದ ಹೆಂಗಸು. ಮರುದಿನ ಹಗಲೂ ರಾತ್ರಿ ಕೂತು ಎಡಕ್ಕೆ ಸೊಂಡಿಲು ತಿರುಗಿದ ಹೊಸ ಅಚ್ಚು ಕೊರೆದಳು. ಗಣಪತಿ ಒತ್ತದೆ ಉಳಿದಿದ್ದ ಒಂದು ಪತ್ರಿಕೆಗೆ ಅದನ್ನು ಒತ್ತಿ, ಹಳೆಯದನ್ನು ಇಸಿದುಕೊಂಡು ಇದನ್ನು ಕೊಟ್ಟು ಕಾಲಿಗೆ ಬೀಳುವುದು ಎಂದು ಮನಸ್ಸು ಮಾಡಿ, ಅದರ ಮರುದಿನ ಬೆಳಿಗ್ಗೆ ಸಾವನೇರಿನ ಬಸ್ಸು ಹತ್ತಿದಳು. ಏಳು ವರ್ಷದಲ್ಲಿ ಒಬ್ಬಳೇ ಬಸ್ಸು ಹತ್ತಿದ್ದು ಅದೇ ಮೊದಲು. ದಾರಿಯುದ್ದಕ್ಕೂ ಕಲ್ಲಿದ್ದಲ ಲಾರಿಗಳು, ಬಿಸಿಗಾಳಿ. ಹೇಳಬೇಕಾದ ಮರಾಠಿಯನ್ನೆಲ್ಲ ಬಾಯಿಪಾಠ ಮಾಡಿಕೊಂಡಳು, ಇಳಿಯುವ ಹೊತ್ತಿಗೆ ಎಲ್ಲ ಮರೆತಿದ್ದಳು.

ಬಾಗಿಲು ತೆಗೆದವನು ಮದುಮಗ ಗೋವಿಂದನೇ. ಹನ್ನೊಂದು ಗಂಟೆಯಲ್ಲಿ ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು, ಮುಖ ಬಾಡಿತ್ತು.

"ನೀವು ವಿಜಯಾನ ಕಡೆಯವ್ರೇನ್ರಿ?" ಎಂದು ಪಿಸುಗುಟ್ಟಿದ. "ಮೂರು ದಿನ ಆತು, ಈ ಮನ್ಯಾಗ ಉಳ್ಳಾಗಡ್ಡಿ ಇಲ್ಲ. ಎರಡು ಸಲ ಜಳಕ ಮಾಡದ ಹೊರತು ಆಜಿ ಊಟಕ್ಕ ಬಿಡವಲ್ಲಳು."

ಒಳಗಿನಿಂದ ಒಂದು ದೊಡ್ಡ ಸೀನು ಕೇಳಿತು. ಹಿಂದೆಯೇ ಮಾತು ಬಂತು. "ಕಾಲು ತೊಳಕೊಂಡು ಬಾ, ಬಾಯಿ. ಮನ್ಯಾಗ ಬಲಗಡೆ ಸೊಂಡಿ ದೇವ್ರದಾನ."

ಸಂಗವ್ವ ಚಪ್ಪಲಿ ಬಿಟ್ಟಳು. ಕಾಲು ತೊಳೆದು ಒಳಗೆ ಹೋದರೆ, ದೇವರ ಗೂಡಿನಲ್ಲಿ ಹೂವಿನ ನಡುವೆ ಪತ್ರಿಕೆ ನಿಂತಿತ್ತು. ಅದರೆದುರು ಸತ್ಯಭಾಮಾ ಆಜಿ ಸೋತು ಕೂತಿದ್ದಳು. ಮೇ ತಿಂಗಳ ಬಿಸಿಲಿನಲ್ಲಿ ನೆಗಡಿ ಮಾಡಿಕೊಂಡಿದ್ದಳು.

"ನಿಮ್ಮವ್ರು ಇಷ್ಟು ಮಡಿವಂತ್ರು ಅಂತ ಮೊದಲ ಹೇಳಬಾರದಾ?" ಆಜಿಯ ದನಿಯಲ್ಲಿ ಅಳು ಇತ್ತು. "ಪತ್ರಿಕಿ ಮ್ಯಾಲೆ ಈ ದೇವ್ರನ್ನ ಹಾಕ್ಸೋ ಮನಿ ಅಂದ್ರ ಎಷ್ಟು ನೇಮದ್ದಿರಬೇಕು! ನಾವು ಗಣಿ ಮಂದಿ, ಬಾಯಿ. ಮೂರು ಪಾಳಿ ಕೆಲಸ. ಒಬ್ಬಾಂವ ಏಳೋ ಹೊತ್ತಿಗೆ ಒಬ್ಬಾಂವ ಮಲಗತಾನ. ನಾ ಹಾಸಿಗ್ಯಾಗ ಕುಂತು ಚಹಾ ಕುಡಿಯಾಕಿ, ಮಾರಿನೂ ತೊಳಿಯಂಗಿಲ್ಲ. ಅಂಥಾ ಮನಿ ಹುಡುಗಿ ನಮ್ಮ ಕೂಡ ಹೆಂಗ ಬಾಳತಾಳ? ನಮ್ಮ ನೋಡಿ ಹೇಸಿಕೋತಾಳ. ಕಲೀಬೇಕಂತ ಮೂರು ದಿನ ಒದ್ದಾಡಿದೆ, ಆಗವಲ್ಲದು. ಸಂಬಂಧ ಬ್ಯಾಡ ಅಂತ ಇವತ್ತ ಹೇಳಿ ಕಳಸೂಣು ಅಂತಿದ್ದೆ."

ಸಂಗವ್ವನಿಗೆ ಈಗ ಅರ್ಥವಾಯಿತು. ಅಲ್ಲಿ ಒಂದು ಮನೆ ಈ ಮುದುಕಿಗೆ ಹೆದರಿ ಊಟ ಬಿಟ್ಟಿದೆ, ಇಲ್ಲಿ ಈ ಮುದುಕಿ ಆ ಮನೆಗೆ ಹೆದರಿ ಮೀಯುತ್ತಾ ಕೂತಿದ್ದಾಳೆ!

"ಆಜಿ," ಎಂದು ಅವಳ ಮುಂದೆ ಕೂತುಬಿಟ್ಟಳು. "ಅವ್ರು ಯಾರೂ ಹಾಕ್ಸಿಲ್ರಿ. ಇದನ್ನ ಮಾಡಿದಾಕಿ ನಾನು. ನಾ ಕರ್ನಾಟಕದಾಕಿ. ನಮ್ಮ ಕಡೆ ಬಲಮುರಿ ಅಂದ್ರ ಬೇಡಿದ್ದು ಕೊಡೋ ದೇವ್ರು. ಹುಡುಗಿಗೆ ಎಲ್ಲಾಕಿಂತ ಛಲೋದು ಕೊಡಬೇಕಂತ ಆಸೆಪಟ್ಟೆ. ಇಲ್ಲೆ ಅಂಜತಾರಂತ ಗೊತ್ತಿರಲಿಲ್ರಿ. ಅವ್ರ ಮನ್ಯಾಗ ಯಾರೂ ಮಡಿ ಮಾಡಂಗಿಲ್ಲ. ವಿಜಯಾಗ ಉಳ್ಳಾಗಡ್ಡಿ ಭಜಿ ಅಂದ್ರ ಜೀವ."

ಬಾಗಿಲಲ್ಲಿ ನಿಂತಿದ್ದ ಗೋವಿಂದ ಕಣ್ಣು ಮುಚ್ಚಿ ಉಸಿರು ಬಿಟ್ಟ.

"ಮತ್ತ ನೀವು ಹುಡುಗಿ ನೋಡಾಕ ಬಂದಾಗ ಒಂದು ಕಾಳೂ ಮುಟ್ಟಲಿಲ್ಲಲ್ರಿ?" ಎಂದು ಸಂಗವ್ವ ಕೇಳಿಯೇಬಿಟ್ಟಳು.

ಆಜಿ ಬಾಯಿ ಅಗಲಿಸಿ ತೋರಿಸಿದಳು. ಕಟ್ಟಿಸಿದ ಹಲ್ಲು. "ಹೊಸಾವು. ಬಾಯಿ ತೆರದ್ರ ಉದುರಿ ಬೀಳತಿದ್ವು. ಬೀಗರ ಮುಂದ ಮಾನ ಹೋಗಬಾರದು ಅಂತ ಬಿಗಿ ಹಿಡಕೊಂಡು ಕುಂತಿದ್ದೆ."

ನಗು ಯಾರಿಂದ ಶುರುವಾಯಿತೋ ಹೇಳುವುದು ಕಷ್ಟ. ಸಂಗವ್ವ ಸೆರಗು ಬಾಯಿಗಿಟ್ಟುಕೊಂಡರೂ ತಡೆಯಲಾಗಲಿಲ್ಲ, ಆಜಿ ಸೀನುತ್ತ ಸೀನುತ್ತ ನಕ್ಕಳು. "ಗೋವಿಂದಾ, ಚಹಾ ಇಡು. ಶುಂಠಿ ಜಜ್ಜಿ ಹಾಕು," ಎಂದಳು. ಬಂದ ಚಹಾವನ್ನು ಬಸಿತಟ್ಟೆಗೆ ಸುರಿದು, ಕಣ್ಣು ಮುಚ್ಚಿ ಸೊರ್ರೆಂದು ಎಳೆದಳು.

ಸಂಗವ್ವ ಚೀಲದಿಂದ ಹೊಸ ಪತ್ರಿಕೆ ತೆಗೆದು, "ಅದನ್ನ ಕೊಡ್ರಿ, ಇದನ್ನ ಇಟ್ಕೋರಿ," ಎಂದಳು. ಆಜಿ ಕೊಡಲಿಲ್ಲ.

"ಮನಿಗೆ ಬಂದಾಂವನ್ನ ಹೊರಗ ಹಾಕೂದು ಹೆಂಗ? ನಿಮ್ಮ ಊರಾಗ ಇವಗ ಏನು ಮಾಡತೀರಿ?"

"ಒಂದು ಎಳಿ ಗರಿಕಿ ಇಡತೀವಿ. ಬೇಡಕೋತೀವಿ. ಅಷ್ಟ."

"ಹಂಗಾರ ಇಂವ ನಿಮ್ಮ ಊರಾಂವ," ಎಂದಳು ಆಜಿ. "ನಿಮ್ಮ ಊರ ಪದ್ಧತಿನ ನಡೀಲಿ. ಯಾರಾದ್ರೂ ಕೇಳಿದ್ರ ವರನ ಆಜಿನ ಹಾಕ್ಸ್ಯಾಳ ಅನ್ರಿ. ನನ್ನ ಎದುರಿಗೆ ಬಂದು ಕೇಳೋ ಧೈರ್ಯ ಯಾರಿಗೂ ಇಲ್ಲ."

ಸಂಗವ್ವ ವಾಡೆಗೆ ತಿರುಗಿದಾಗ ಬಿಸಿಲು ಇಳಿದಿತ್ತು. ವಿಮಲಾಬಾಯಿ ಅಂಗಳದ ಕಟ್ಟೆಯ ಮೇಲೆ ಕೂತಿದ್ದಳು. ಎಲ್ಲಿ ಹೋಗಿದ್ದಳೆಂದು ಈರಪ್ಪನಿಂದ ತಿಳಿದಿತ್ತು. ಸಂಗವ್ವ ಚಪ್ಪಲಿ ಬಿಡುವ ಮೊದಲೇ ಮಾತು ಶುರು ಮಾಡಿ, ಸೀನು, ಹಲ್ಲು, ಶುಂಠಿ ಚಹಾ ಎಲ್ಲ ಒಂದೇ ಉಸಿರಿಗೆ ಒದರಿದಳು. ವಿಮಲಾಬಾಯಿ ನಗಲಿಲ್ಲ. ಎಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದಳು.

"ಆ ಮನ್ಯಾಗ ಅಡಿಗಿ ಮಾಡೂಮುಂದ ಒದ್ದಿ ಸೀರಿ ಉಡಬೇಕೇನು?"

"ಒದ್ದಿ ಸೀರಿ?"

"ನಾ ಈ ಮನಿಗೆ ಬಂದಾಗ ಹದಿನಾರು ವರ್ಷ. ನಮ್ಮ ಅತ್ತಿದು ಹಂಗ ಮಡಿ. ಹನ್ನೆರಡು ವರ್ಷ, ಮಾಘದ ಥಂಡ್ಯಾಗ ಸೈತ, ಬಾವೀ ನೀರು ಸುರಕೊಂಡು ಒದ್ದಿ ಸೀರಿ ಮ್ಯಾಲ ಒಲಿ ಮುಂದ ಕುಂತೀನಿ. ಮೊದಲನೇ ಕೂಸು ಹೊಟ್ಟ್ಯಾಗಿತ್ತು, ಎದಿಗೆ ಥಂಡಿ ಹತ್ತಿ ಜ್ವರ ಬಂತು. ನಾ ಉಳದೆ. ಕೂಸು ಉಳೀಲಿಲ್ಲ."

ಏಳು ವರ್ಷದ ಗೆಳೆತನದಲ್ಲಿ ಈ ಮಾತು ಒಮ್ಮೆಯೂ ಬಂದಿರಲಿಲ್ಲ. ಸಂಗವ್ವ ಕಟ್ಟೆಯ ಮೇಲೆ ಅವಳ ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡಳು. ಅವಳಿಗೂ ಕಣ್ಣು ತುಂಬಿ ಬಂತು.

"ಇಲ್ರಿ ವೈನಿ. ಒಣಾ ಸೀರಿ. ನಾ ಕಣ್ಣಾರೆ ನೋಡಿ ಬಂದೀನಿ. ಆ ಮನ್ಯಾಗ ಚಹಾ ಮಾಡಿ ಕೊಟ್ಟಾಂವ ಮದಿಮಗ."

"ಗೋವಿಂದ?"

"ಗೋವಿಂದ. ಸಕ್ರಿ ಜರಾ ಹೆಚ್ಚಾಗಿತ್ತು, ಅಷ್ಟ."

ವಿಮಲಾಬಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಎದೆ ತುಂಬ ಅತ್ತಳು. ಅಂಗಳದಲ್ಲಿ ನೀರು ತುಂಬುತ್ತಿದ್ದವರು ಕೊಡ ಇಳಿಸಿ ನೋಡಿದರೂ ಲೆಕ್ಕಿಸಲಿಲ್ಲ. ಅತ್ತು ಮುಗಿದ ಮೇಲೆ ಮೂಗು ಒರೆಸಿಕೊಂಡು, ಒಳಗಿದ್ದ ಮಗಳನ್ನು ಕೂಗಿದಳು.

"ವಿಜಯಾ, ತಾಟು ಹಾಕು ಪೋರಿ. ಹಸಿವ್ಯಾಗೇತಿ ನನಗ."